ಪಟ್ಟಾ ನಿಲ್ಲಿಸುವ ನಿಯಮ

ಆ ಭಾನುವಾರ ಮುಂಜಾನೆ ಬೈಲಹೊಂಗಲದ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ಎದುರು ಮನೆಯ ಅಂಗಳದಲ್ಲಿ ಯಾರೋ ನೀರು ಚಿಮುಕಿಸಿ ಥಳಿ ಹೊಡೆಯುವ ಸಪ್ಪಳ ಕೇಳುತ್ತಿತ್ತು, ಹೊಡೆಯುವವರು ಕಾಣುತ್ತಿರಲಿಲ್ಲ. ಮಾರ್ಗಶಿರದ ಈ ಮಂಜು ಕಡಲೆ ಎಲೆಯ ಮೇಲಿನ ಹುಳಿ ತೊಳೆದುಬಿಡುತ್ತದೆಂದು ರೈತರು ಬೈಯುತ್ತಾರೆ, ಜೋಳಕ್ಕೆ ನೀರುಣಿಸುತ್ತದೆಂದು ಅವರೇ ಕೈ ಮುಗಿಯುತ್ತಾರೆ. ಹರಿಪ್ರಿಯಾ ದೇವರ ಮುಂದೆ ದೀಪ ಹಚ್ಚಿ, ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಚೀಲದಲ್ಲಿಟ್ಟುಕೊಂಡು, ಸ್ಕೂಟಿ ಹೊರಗೆ ತೆಗೆದಳು. ಸಂಗೊಳ್ಳಿಗೆ ಹೋಗಬೇಕಿತ್ತು. ನಾಲ್ಕು ತಿಂಗಳ ಹಿಂದೆಯೇ ಹೋಗಬೇಕಿತ್ತು.

ಸತ್ತವನೊಬ್ಬನಿಗೆ ತಾನು ಅನ್ಯಾಯ ಮಾಡಿದೆನೋ ಇಲ್ಲವೋ ಎಂಬುದು ಅವಳಿಗೆ ಗೊತ್ತಾಗಬೇಕಿತ್ತು. ಅದನ್ನು ಹೇಳಬಲ್ಲವರು ಒಬ್ಬರೇ ಇದ್ದರು, ಸತ್ತವನ ತಂದೆ.

ಹರಿಪ್ರಿಯಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ತಂದೆ ವೆಂಕಣ್ಣನವರು ಇದ್ದಷ್ಟು ದಿನ ಚಾತುರ್ಮಾಸದಲ್ಲಿ ಪುರಾಣ ಹೇಳುತ್ತಿದ್ದರು. ಕೇಳಲು ಕುಳಿತವರನ್ನೇ ‘ಈಗ ಧರ್ಮರಾಯ ಏನ್ ಮಾಡಬೇಕ್ರಿ?’ ಎಂದು ಕೇಳಿ, ಅವರ ಬಾಯಿಂದ ಮಾತು ಹೊರಡಿಸಿ ಕಥೆ ಮುಂದೆ ಒಯ್ಯುವ ರೂಢಿ ಅವರದು. ಮಗಳು ಪುರಾಣ ಹೇಳಲಿಲ್ಲ. ಧಾರವಾಡದಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಗೆಳತಿಯಿಂದ ಬೇರೊಂದು ಆಟ ಕಲಿತು ಬಂದಳು. ಮೇಜಿನ ಸುತ್ತ ಕುಳಿತು ಆಡುವ ಆಟ ಅದು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ‘ಅಗಸಿ ಬಾಗಿಲು ಮುಚ್ಚಿದೆ, ಏನು ಮಾಡುತ್ತೀರಿ?’ ಎಂದು ಕೇಳಿದರೆ ಪಾತ್ರದವರು ಹೇಳಬೇಕು. ಆದೀತೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಬೇಕು, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಪಾತ್ರದ ಬಲ, ಗಾಯ, ಆಯುಧ ಎಲ್ಲವೂ ಒಂದು ಹಾಳೆಯ ಮೇಲೆ ಇರುತ್ತವೆ. ಪಾತ್ರ ಸತ್ತರೆ ಆ ಹಾಳೆಯನ್ನು ಕಥೆ ನಡೆಸುವವರು ಮಡಿಚಿ ಇಟ್ಟುಕೊಳ್ಳುತ್ತಾರೆ. ಒಮ್ಮೆ ಮಡಿಚಿದ ಹಾಳೆ ತಿರುಗಿ ಬಂದದ್ದಿಲ್ಲ.

ಐದು ವರ್ಷ, ಪ್ರತಿ ಭಾನುವಾರ ಮಧ್ಯಾಹ್ನ, ಸುಭಾಸನ ಬೀಜದ ಅಂಗಡಿಯ ಮಾಳಿಗೆಯ ಮೇಲೆ ಈ ಆಟ ನಡೆದಿತ್ತು. ಅಂಗಡಿಯ ಸುಭಾಸ, ಬ್ಲೌಸು ಹೊಲಿಯುವ ಗಂಗಾ, ಗೇಟು-ಗ್ರಿಲ್ಲುಗಳ ವೆಲ್ಡಿಂಗ್ ಮಾಡುವ ಮಲ್ಲಿಕಾರ್ಜುನ. ಕಥೆ ನಡೆಸುವವಳು ಹರಿಪ್ರಿಯಾ. ಮೂವರೂ ಅವಳನ್ನು ಸಾಲೆಯ ಮಕ್ಕಳ ಹಾಗೆ ಅಕ್ಕೋರ ಎಂದೇ ಕರೆಯುತ್ತಿದ್ದರು.

ಮೊದಲ ದಿನ ಪಾತ್ರಗಳಿಗೆ ಆಯುಧ ಆರಿಸುವಾಗ ಸುಭಾಸ ತನ್ನ ಭರಮಪ್ಪನಿಗೆ ಕೊಡಲಿ ಬೇಕೆಂದ. ಗಂಗಾಳ ಪಾತ್ರ ಗಾಯಕ್ಕೆ ಮದ್ದು ಕಟ್ಟುವವಳು, ಅವಳು ಔಷಧದ ಚೀಲವನ್ನಷ್ಟೇ ಆರಿಸಿದಳು. ಮಲ್ಲಿಕಾರ್ಜುನ ತನ್ನ ಕೆಂಚನಿಗೆ ಪಟ್ಟಾ ಕೇಳಿದ.

ಆಟದ ಪುಸ್ತಕದಲ್ಲಿ ನಲವತ್ತು ಬಗೆಯ ಆಯುಧಗಳಿದ್ದವು, ಪಟ್ಟಾ ಇರಲಿಲ್ಲ. ಮೊಳಕೈವರೆಗೆ ಮುಚ್ಚುವ ಕಬ್ಬಿಣದ ತೋಳು, ಅದರೊಳಗೆ ಹಿಡಿಯಲು ಒಂದು ಅಡ್ಡಸಳಿ, ಮುಂದೆ ಮನುಷ್ಯನ ಎದೆಯೆತ್ತರದ ಬಳುಕುವ ಅಲಗು. ಕತ್ತಿಯ ಹಾಗೆ ಮಣಿಕಟ್ಟು ತಿರುಗಿಸಲು ಬರದು. ಭುಜದಿಂದಲೇ ಬೀಸಬೇಕು. ಪುಸ್ತಕದಲ್ಲಿ ಇಲ್ಲದ್ದಕ್ಕೆ ತಾವೇ ಮನೆ ನಿಯಮ ಮಾಡಿಕೊಳ್ಳೋಣ ಎಂದು ಹರಿಪ್ರಿಯಾ ಹೇಳಿದಾಗ, ಮಲ್ಲಿಕಾರ್ಜುನ ಇನ್ನೂರು ಪುಟದ ನೋಟುಬುಕ್ಕು ತಂದು, ಸಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿಕೊಂಡು ಬರೆಯತೊಡಗಿದ.

“ಪಟ್ಟಾ ತೊಟ್ಟ ಕೈ ಮತ್ತೇನೂ ಹಿಡಿಯಂಗಿಲ್ಲ. ಬಾಗಲಾ ತೆಗಿಯಂಗಿಲ್ಲ, ನೀರ ಕುಡಿಯಂಗಿಲ್ಲ.”

“ಮೂಗ ತುರಿಸಿದ್ರ ಹೆಂಗೋ ಮಲ್ಲಣ್ಣಾ?” ಎಂದಳು ಗಂಗಾ.

“ತುರಸ್ಕೊಂಡ ನೋಡು. ಮೂಗ ಕೈಯಾಗ ಬರತೈತಿ.”

ಸುತ್ತ ಶತ್ರುಗಳು ಹೆಚ್ಚಿದಷ್ಟೂ ಪಟ್ಟಾದ ಬಲ ಹೆಚ್ಚುತ್ತದೆ ಎಂದು ಬರೆದ. ಕಾಲು ನಿಂತರೆ ಪಟ್ಟಾ ಸತ್ತಂತೆ ಎಂದು ಬರೆದ. ಅದನ್ನು ಬೀಸುವ ಸುತ್ತಿನೊಳಗೆ ತನ್ನವರು ಕಾಲಿಟ್ಟರೆ ಅವರಿಗೂ ದಾಳ ಹಾಕಬೇಕು, ಏಕೆಂದರೆ ಬೀಸಿದ ಪಟ್ಟಾ ನಡುವೆ ನಿಲ್ಲುವುದಿಲ್ಲ ಎಂದೂ ಅವನೇ ಬರೆದ. ತಂದೆ ನಿಜಗುಣಪ್ಪ ಸಂಗೊಳ್ಳಿಯ ಗರಡಿಯಲ್ಲಿ ಪಟ್ಟಾ ಕಲಿಸುವ ವಸ್ತಾದ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವನು ಹೇಳಿದ್ದನ್ನು ಯಾರೂ ಅನುಮಾನಿಸಲಿಲ್ಲ.

ಶ್ರಾವಣದ ಆ ಭಾನುವಾರದವರೆಗೆ.

ಅಂದು ಕಥೆಯಲ್ಲಿ ಕೆಂಚ ಕೋಟೆಯ ಬಾಗಿಲಲ್ಲಿ ಒಬ್ಬನೇ ಸಿಕ್ಕಿಕೊಂಡಿದ್ದ. ಎಂಟು ಜನ ಸುತ್ತುವರಿದಿದ್ದರು, ಅವನು ಪಟ್ಟಾ ಬೀಸುತ್ತಿದ್ದ. ಗೆಳೆಯನನ್ನು ಎಳೆದು ತರುತ್ತೇನೆಂದು ಸುಭಾಸ ತನ್ನ ಭರಮಪ್ಪನನ್ನು ಆ ಸುತ್ತಿನೊಳಗೆ ನುಗ್ಗಿಸಿದ. ನಿಯಮದಂತೆ ದಾಳ ಹಾಕಿದರು. ಎರಡು ಬಿತ್ತು.

“ಭರಮಪ್ಪ ಬಿದ್ದಾ,” ಎಂದಳು ಹರಿಪ್ರಿಯಾ. “ಕೆಂಚನ ಪಟ್ಟಾನ ತಾಗೇದ.”

“ನಿಲ್ಲಸತೇನಿ,” ಎಂದ ಮಲ್ಲಿಕಾರ್ಜುನ.

“ನಿಲ್ಲಂಗಿಲ್ಲ. ನೀನ ಬರದದ್ದು ಅದ ನೋಡು.”

“ಬರದೇನ್ರಿ. ಖರೆ, ಮುಂದಿಂದು ಬರಿಯೂದು ಬಿಟ್ಟಿತ್ರಿ. ಬ್ಯಾರೆ ಯಾರಿಗೂ ನಿಲ್ಲಂಗಿಲ್ಲ. ನಮ್ಮಪ್ಪ ನಿಲ್ಲಿಸ್ಯಾನ. ನಾ ಕಣ್ಣಾರೆ ನೋಡೇನಿ.”

ಹರಿಪ್ರಿಯಾ ನಕ್ಕಳು. ಆ ನಗೆ ಅವಳಿಗೆ ಇಂದಿಗೂ ಕೇಳಿಸುತ್ತದೆ. “ಸೋತಾಗೆಲ್ಲಾ ನಿಮ್ಮಪ್ಪನ್ನ ಕರಕೊಂಡ ಬಂದ್ರ ಹೆಂಗೋ ಮಾರಾಯಾ? ಕಥಿ ಹೇಳೂದು ನನ್ನ ಕೆಲಸ, ನೀ ಹೇಳಬ್ಯಾಡ.”

ಸುಭಾಸ ಗಹಗಹಿಸಿದ. ಗಂಗಾ ಬಾಯಿಗೆ ಸೆರಗು ಹಿಡಿದಳು. ಮಲ್ಲಿಕಾರ್ಜುನ ಪೆನ್ಸಿಲು ಮೇಜಿನ ಮೇಲಿಟ್ಟ.

“ನಾ ಸುಳ್ಳ ಹೇಳಂಗಿಲ್ರಿ ಅಕ್ಕೋರ,” ಎಂದು ಎದ್ದು ಹೋದ. ಸಿಟ್ಟು ಮಾಡಿ ಹೋದವನ ಹಾಗೆ ಇರಲಿಲ್ಲ. ಏನೋ ಕಳೆದುಕೊಂಡು ಹುಡುಕಲು ಹೊರಟವನ ಹಾಗಿದ್ದ.

ಹರಿಪ್ರಿಯಾ ಭರಮಪ್ಪನ ಹಾಳೆ ಮಡಿಚಿ ಇಟ್ಟುಕೊಂಡಳು. ಮುಂದಿನ ಭಾನುವಾರ ಮಲ್ಲಿಕಾರ್ಜುನ ಬರಲಿಲ್ಲ. ಮೊಬೈಲಿಗೆ ಎರಡು ಸಾಲು ಬಂತು: ‘ಸಂಗೊಳ್ಳಿಗೆ ಬರ್ರಿ. ಅಪ್ಪನ್ನ ಕೇಳ್ರಿ.’ ಪರೀಕ್ಷೆ ಮುಗಿಯಲಿ, ಬರುತ್ತೇನೆ ಎಂದು ಅವಳು ಬರೆದಳು. ಪರೀಕ್ಷೆ ಮುಗಿಯುವಷ್ಟರಲ್ಲಿ ಅವನಿಗೆ ಕಾಮಾಲೆ ಕಣ್ಣಿಗೇರಿತ್ತು. ಮೊದಲು ಬೇರಿನ ಔಷಧ, ಆಮೇಲೆ ದವಾಖಾನೆ. ಮಹಾನವಮಿ ಅಮಾವಾಸ್ಯೆಯ ಹಿಂದಿನ ದಿನ ಮೂವತ್ಮೂರು ವರ್ಷದ ಮಲ್ಲಿಕಾರ್ಜುನನನ್ನು ಶಿವ ಕರೆಸಿಕೊಂಡ. ಮಣ್ಣಿಗೆ ಹೋದಾಗ ಅವಳು ಹೆಂಗಸರ ಹಿಂದೆ ನಿಂತು ಬಂದಳು. ಯಾರನ್ನೂ ಏನೂ ಕೇಳಲಾಗಲಿಲ್ಲ.

ಶ್ರಾವಣದ ಆ ಭಾನುವಾರದಿಂದಲೇ ಆಟ ನಿಂತಿತ್ತು. ಮೊನ್ನೆ ಸುಭಾಸನೇ ಸಾಲೆಯ ಗೇಟಿಗೆ ಬಂದು ಹೇಳಿದ್ದ: “ಆಡೂನು ಇಲ್ಲಾ ಮುಗಸೂನು ಅಕ್ಕೋರ. ಮಲ್ಯಾನ ಕೆಂಚಾ ಇನ್ನಾ ಬಾಗಲದಾಗ ನಿಂತಾನ. ಮಲಕೊಂಡ್ರ ಅದ ಕಣ್ಣಿಗೆ ಬರತೈತಿ.” ಭಾನುವಾರ ಮಧ್ಯಾಹ್ನ ಬರುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಅದಕ್ಕೂ ಮೊದಲು ಸಂಗೊಳ್ಳಿ.

ದಾರಿಯ ಎರಡೂ ಬದಿಯ ಜೋಳದ ತೆನೆಗಳಿಂದ ಹನಿ ಉದುರುತ್ತಿತ್ತು. ಊರ ಅಗಸಿ ದಾಟುವಾಗ ಬಿಸಿಲು ಮೂಡಿ, ಮಂಜು ಹೊಲಗಳ ಕಡೆ ಸರಿದಿತ್ತು. ನಿಜಗುಣಪ್ಪನ ಮನೆಯ ಕಟ್ಟೆಯ ಮೇಲೆ, ಹಣೆಗೆ ವಿಭೂತಿ ಹಚ್ಚಿದ ಎತ್ತರದ ಮನುಷ್ಯ ಪುಂಡಿನಾರಿನ ಹಗ್ಗ ಹೊಸೆಯುತ್ತ ಕುಳಿತಿದ್ದ. ಅವಳನ್ನು ಕಂಡು ಎದ್ದ. ಎಡಗಾಲು ಎಳೆಯುತ್ತಿತ್ತು.

“ಬರ್ರಿ ಅಕ್ಕೋರ. ಹೊಂಗಲದವರಲ್ರಿ? ನನ್ನ ಮಗಾ ಹೇಳತಿದ್ದ.”

ಒಳಗಿನಿಂದ ಅವನ ಹೆಂಡತಿ ಪದ್ಮವ್ವ ಚಹಾ ತಂದಳು. “ಐತ್ವಾರ ಬಂತಂದ್ರ ಉಣ್ಣೂದ ಬಿಟ್ಟ ಓಡತಿದ್ದನ್ರಿ. ಏನ್ ಐತೋ ಅಲ್ಲಿ ಅಂದ್ರ, ಅಲ್ಲಿ ನಾ ಪೈಲವಾನ ಅದೇನಿ ಬೇ ಅಂತಿದ್ದ,” ಎಂದು ನಗಲು ಹೋಗಿ, ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಬಾಗಿಲಿಗೆ ಒರಗಿ ಕುಳಿತಳು.

ಹರಿಪ್ರಿಯಾ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ಹರಕೆಯ ಮಾತು ಹೇಳುವವಳ ಹಾಗೆ ತಲೆ ತಗ್ಗಿಸಿ ಕೇಳಿದಳು.

“ಕಾಕಾ, ಒಂದ ಮಾತ ಕೇಳಬೇಕಾಗಿತ್ತು. ಬೀಸಿದ ಪಟ್ಟಾ ನಡುವ ನಿಲ್ಲಸಲಿಕ್ಕೆ ಬರತದೇನ್ರಿ?”

ಮುದುಕನ ಕೈ ಹಗ್ಗ ಹೊಸೆಯುತ್ತಲೇ ಇತ್ತು. “ಇಲ್ರಿ. ಯಾರಿಂದನೂ ಆಗಂಗಿಲ್ಲ. ಕತ್ತಿ ಆದ್ರ ಮಣಿಕಟ್ಟ ತಿರುವಬಹುದು. ಪಟ್ಟಾದಾಗ ಕೈ ಕಟ್ಟಿ ಹಾಕಿರತೈತಿ. ಬಿಟ್ಟ ಮ್ಯಾಲ ಅದ ಎಲ್ಲಿಗೆ ಹೊಂಟಿರತೈತೋ ಅಲ್ಲಿಗೆ ಹೋಗಿನ ತೀರತೈತಿ.”

ಹರಿಪ್ರಿಯಾಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ತನ್ನ ತೀರ್ಪು ಸರಿಯಾಗಿತ್ತು. ಮರುಕ್ಷಣ ಆ ಹಗುರಕ್ಕೇ ನಾಚಿಕೆಯಾಯಿತು. ಮಗನನ್ನು ಕಳೆದುಕೊಂಡವರ ಕಟ್ಟೆಯ ಮೇಲೆ ಕುಳಿತು ತಾನು ಗೆದ್ದುದನ್ನು ಎಣಿಸಿಕೊಳ್ಳುತ್ತಿದ್ದೇನಲ್ಲ ಎನಿಸಿತು. ಬರುತ್ತೇನೆಂದು ಎದ್ದಳು.

“ಕುಂದರ್ರಿ. ಇಷ್ಟ ಕೇಳಾಕ ಅಷ್ಟ ದೂರದಿಂದ ಬಂದ್ರೇನ? ನಿಲ್ಲತೈತಿ ಅಂತ ಯಾರ್ ಹೇಳಿದ್ರು ನಿಮಗ?”

“ಮಲ್ಲಣ್ಣ ಹೇಳಿದ್ದ. ನಮ್ಮಪ್ಪ ನಿಲ್ಲಿಸ್ಯಾನ, ನಾ ನೋಡೇನಿ ಅಂತ. ನಾನು ನಂಬಲಿಲ್ಲ. ಎಲ್ಲಾರ ಮುಂದ ನಕ್ಕಬಿಟ್ಟೆ.”

ಹಗ್ಗ ಕೈಯಿಂದ ಜಾರಿ ಬಿಚ್ಚಿಕೊಂಡಿತು. ನಿಜಗುಣಪ್ಪ ಅದನ್ನು ಹಿಡಿಯಲಿಲ್ಲ. ಹೊಸ್ತಿಲಲ್ಲಿ ಪದ್ಮವ್ವ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಕಥೆ ಹೇಳುವವನ ಹಾಗೆ ದೂರದಿಂದ ಶುರು ಮಾಡಿದ.

“ಅಂವಾ ಐದ ವರ್ಷದಾಂವ ಇದ್ದ. ಬಸವಜಯಂತಿ ಮೆರವಣಿಗಿ ಹತ್ತಿರ ಬಂದಿತ್ರಿ. ಗರಡಿ ಮುಂದ ತಾಲೀಮು ನಡದಿತ್ತು. ನೆಲದ ಮ್ಯಾಲ ಲಿಂಬಿಹಣ್ಣ ಇಟ್ಟ, ಪಟ್ಟಾ ಬೀಸಿ ಎರಡ ಹೋಳ ಮಾಡೂದು. ನಾ ಬೀಸಾಕ ಹತ್ತಿದ್ದೆ. ಒಂದ ಹೋಳ ಉಳ್ಳಿತು. ಅದನ್ನ ಆರಸ್ಕೊಳ್ಳಾಕ ಕೂಸು ಒಳಗ ಓಡಿ ಬಂತ್ರಿ.”

ಅವನ ಬಲಗೈ ತಾನಾಗಿ ಮುಷ್ಟಿ ಕಟ್ಟಿತ್ತು.

“ನಿಲ್ಲಂಗಿಲ್ಲ ಅಂತ ಗೊತ್ತಿತ್ತು. ನಿಲ್ಲಸಾಕ ಹೋಗಲಿಲ್ಲ. ಮೊಳಕೈ ಒಳಗ ಮಡಿಚಿ ನನ್ನ ಕಡೆ ತಿರಿವಿಕೊಂಡೆ. ಎಡ ತೊಡಿಯಾಗ ಕುಂತಿತು, ಎಲುವಿನ ಮಟಾ. ಕೂಸಿನ ಮಾರಿ ಮುಂದ ಅಲಗ ನಿಂತಿತ್ತು. ಅಂವಗ ಅಷ್ಟ ಕಂಡಿದ್ದು. ಕಂಬಳಿ ಇತ್ತು ಬಾಜೂಕ, ಎಳಕೊಂಡ ಕಾಲ ಮುಚ್ಚಿದೆ. ‘ನೋಡಪಾ, ನಿಮ್ಮಪ್ಪ ಪಟ್ಟಾ ನಿಲ್ಲಿಸಿದ’ ಅಂದೆ. ಲಿಂಬಿಹೋಳ ಕೈಯಾಗ ಕೊಟ್ಟ ಅವ್ವನ ಕಡೆ ಹೋಗಂದೆ. ನಕ್ಕೋತ ಹ್ವಾದ.”

“ನಾನೂ, ಇವರು ಬಾವಿ ಮೆಟ್ಟಲದಾಗ ಜಾರಿದ್ರು ಅಂತನ ಹೇಳಕೋತ ಬಂದೇನ್ರಿ,” ಎಂದಳು ಪದ್ಮವ್ವ. “ಇಪ್ಪತ್ತೆಂಟ ವರ್ಷ. ತನ್ನಿಂದ ಅಪ್ಪನ ಕಾಲ ಹೋತು ಅಂತ ಕೂಸು ಕೊರಗಬಾರದು ಅಂತ.”

“ಹಿಂಗಾಗಿ ಅಂವಗ ಪಟ್ಟಾ ಕಲಸಲಿಲ್ರಿ.” ನಿಜಗುಣಪ್ಪನ ದನಿ ತಗ್ಗಿತು. “ಊರ ಹುಡುಗರಿಗೆಲ್ಲಾ ಕಲಿಸಿದೆ. ಬಂದ ಬಂದ ಕೇಳತಿದ್ದ. ನಿನ್ನ ಕೈ ಇದಕ್ಕಲ್ಲ, ಹೋಗಲೇ ಅಂತಿದ್ದೆ. ಕಲಿಸಿದ್ರ ಒಂದಿವಸ ತಿಳೀತಿತ್ತು, ಪಟ್ಟಾ ನಿಲ್ಲಂಗಿಲ್ಲ ಅಂತ. ತಿಳದ ದಿವಸ ನನ್ನ ಕಾಲ ನೋಡತಿದ್ದ. ಬರಬರತಾ ಕೇಳೂದ ಬಿಟ್ಟ. ನನಗೂ ಅಂವಗೂ ಮಾತ ಕಡಿಮಿ ಆತು.”

ಕಟ್ಟೆಯ ಕೆಳಗೆ ಒಂದು ಕರು ಬಂದು ಹಗ್ಗದ ನಾರು ಮೂಸಿ ಹೋಯಿತು. ಯಾರೂ ಅದನ್ನು ಓಡಿಸಲಿಲ್ಲ.

“ನಿಮ್ಮ ಆಟದಾಗ,” ಎಂದು ಮುದುಕ ತಡವರಿಸಿದ, “ಅಂವಾ ಏನ ಹಿಡದಿದ್ದ?”

ಹರಿಪ್ರಿಯಾ ಚೀಲದಿಂದ ನೋಟುಬುಕ್ಕು ತೆಗೆದಳು. ಪಟ್ಟಾದ ನಿಯಮಗಳು ಹನ್ನೊಂದು ಪುಟ ಇದ್ದವು. ಮಗನ ಅಕ್ಷರವನ್ನು ಅವಳು ತಂದೆಗೆ ಓದಿ ಹೇಳತೊಡಗಿದಳು, ತನ್ನ ತಂದೆ ಪುರಾಣ ಓದುತ್ತಿದ್ದ ನಿಧಾನದಲ್ಲೇ. ಬೀಸುವ ಮೊದಲು ಹಿಮ್ಮಡಿ ಎತ್ತಬೇಕು. ಎಡಕ್ಕೆ ಬೀಸಿದರೆ ಉಸಿರು ಹೊರಗೆ, ಬಲಕ್ಕೆ ಬೀಸಿದರೆ ಒಳಗೆ. ಮಳೆಗಾಲದಲ್ಲಿ ತೋಳಿನೊಳಗೆ ಅರಿವೆ ಸುತ್ತಬೇಕು, ಇಲ್ಲದಿದ್ದರೆ ಬೆವರಿಗೆ ಹಿಡಿ ಜಾರುತ್ತದೆ.

ನಿಜಗುಣಪ್ಪ ಮೊದಲು ಹೂಂ ಎನ್ನುತ್ತಿದ್ದ. ಆಮೇಲೆ ಅವಳ ಕಡೆ ತಿರುಗಿ ಕುಳಿತ.

“ಉಸರಿಂದು ನಾ ಯಾರಿಗೂ ಹೇಳಿಲ್ರಿ,” ಎಂದ. “ಕಲತ ಹುಡುಗುರಿಗೂ ಹೇಳಿಲ್ಲ. ನೋಡಿದಾಂವಗ ಅಷ್ಟ ತಿಳೀತೈತಿ. ಗರಡಿ ಹಿಂದ ಬೇವಿನಗಿಡ ಐತಿ. ಅದರ ಮ್ಯಾಲ ಕುಂತ ನೋಡಿರಬೇಕು. ಎಷ್ಟ ವರ್ಷ ನೋಡ್ಯಾನ ಏನೋ ನನ್ನ ಮಗಾ.” ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪದ್ಮವ್ವ ಎದ್ದು ಬಂದು ಅವನ ಪಕ್ಕದಲ್ಲಿ ಕುಳಿತಳು. ಮುಟ್ಟಲಿಲ್ಲ, ಬರೇ ಕುಳಿತಳು.

ಹರಿಪ್ರಿಯಾ ಕಾದಳು. ಅವಳ ತಂದೆಯೂ ಕಥೆಯ ನಡುವೆ ಯಾರಾದರೂ ಅತ್ತರೆ ಪುಸ್ತಕ ಮುಚ್ಚಿ ಕಾಯುತ್ತಿದ್ದರು, ಮುಂದಿನ ಶ್ಲೋಕಕ್ಕೆ ಅವಸರ ಮಾಡುತ್ತಿರಲಿಲ್ಲ.

“ಕಾಕಾ, ನೀವು ಮಾಡಿದ್ದನ್ನ ನಮ್ಮ ನಿಯಮದಾಗ ಬರಕೋಬಹುದೇನ್ರಿ? ಯಾರ್ದು ಏನು ಅಂತ ಹೇಳಂಗಿಲ್ಲ. ನಿಯಮ ಅಷ್ಟ.”

ಅವನು ಕಣ್ಣೊರೆಸಿಕೊಂಡು ಯೋಚಿಸಿದ. ಆಟವೆಂದು ಹಗುರ ಮಾಡದೆ, ಗರಡಿಯಲ್ಲಿ ಹೊಸ ಪಟ್ಟು ಸೇರಿಸುವಾಗ ಯೋಚಿಸುವ ಹಾಗೆ.

“ಬರಕೋರಿ. ನಿಲ್ಲತೈತಿ, ತನ್ನ ಮೈಯಾಗ ತಗೊಂಡ್ರ ನಿಲ್ಲತೈತಿ. ಆದ್ರ ಅದಕ್ಕ ದಾಳ ಹಾಕಸಬ್ಯಾಡ್ರಿ. ಅಂಥಾ ಹೊತ್ತಿನಾಗ ಆಗತೈತೋ ಇಲ್ಲೋ ಅನ್ನೂ ಮಾತ ಇರಂಗಿಲ್ಲ.” ಸ್ವಲ್ಪ ತಡೆದು ಹೇಳಿದ, “ಮತ್ತ, ಅಲ್ಲಿ ನಕ್ಕವರಿಗೆ ಒಂದ ಮಾತ ಹೇಳ್ರಿ. ನನ್ನ ಮಗಾ ಸುಳ್ಳ ಹೇಳಿಲ್ಲ. ಕಂಡಿದ್ದ ಹೇಳ್ಯಾನ. ಸುಳ್ಳ ಹೇಳಿದಾಂವ ನಾನು.”

ಅವಳು ಅಲ್ಲೇ ಕಟ್ಟೆಯ ಮೇಲೆ, ಮಲ್ಲಿಕಾರ್ಜುನನ ಅಕ್ಷರದ ಕೆಳಗೆ, ತನ್ನ ಅಕ್ಷರದಲ್ಲಿ ಹನ್ನೆರಡನೆಯ ನಿಯಮ ಬರೆದಳು. ಮುದುಕ ಬಾಗಿ ನೋಡಿದ. ಓದಲಿಲ್ಲ. ಮೇಲಿನ ಸಾಲುಗಳ ಮೇಲೆ ಹೆಬ್ಬೆರಳು ಮೆಲ್ಲಗೆ ಆಡಿಸಿ ಕೈ ತೆಗೆದ.

ಮಧ್ಯಾಹ್ನ ಮಾಳಿಗೆಯ ಮೇಲೆ ಸುಭಾಸ ಮತ್ತು ಗಂಗಾ ಮೊದಲೇ ಬಂದು ಕುಳಿತಿದ್ದರು. ಸೂರ್ಯಕಾಂತಿ ಬೀಜದ ಚೀಲಗಳ ನಡುವೆ ಅದೇ ಮೇಜು, ನಾಲ್ಕು ಕುರ್ಚಿ. ನಾಲ್ಕನೆಯದನ್ನು ಯಾರೂ ಸರಿಸಿರಲಿಲ್ಲ.

ಹರಿಪ್ರಿಯಾ ಕೂಡ್ರಲಿಲ್ಲ. ನಿಂತೇ ಹೇಳಿದಳು.

“ಮೊದಲ ಒಂದ ಮಾತು. ಅವತ್ತ ಮಲ್ಲಣ್ಣ ಹೇಳಿದ್ದು ಖರೆ ಇತ್ತು. ಅವರಪ್ಪ ಪಟ್ಟಾ ನಿಲ್ಲಸ್ಯಾರ. ನಾನು ನಕ್ಕಿದ್ದು ತಪ್ಪು. ಅವನ ಮುಂದ ಹೇಳಬೇಕಾಗಿತ್ತು. ಹೊತ್ತ ಮೀರಿತು. ನಿಮ್ಮ ಮುಂದ ನಕ್ಕಿದ್ದೆ, ನಿಮ್ಮ ಮುಂದ ಹೇಳತೇನಿ.”

ಸುಭಾಸ ಮೇಜಿನ ಅಂಚು ನೋಡುತ್ತ ಕುಳಿತ. “ನಾನೂ ನಕ್ಕೇನ್ರಿ,” ಎಂದ.

ಅವಳು ಹನ್ನೆರಡನೆಯ ನಿಯಮ ಓದಿದಳು. ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾದುಹೋಯಿತು.

“ಕೆಂಚಾ ಅವತ್ತ ‘ನಿಲ್ಲಸತೇನಿ’ ಅಂದಿದ್ದ,” ಎಂದಳು ಹರಿಪ್ರಿಯಾ. “ಅದು ಅವನ ಸರದಿ. ನಾನು ಅದನ್ನ ನಡಸಿಕೊಡಲಿಲ್ಲ. ಇವತ್ತ ನಡಸತೇನಿ.”

“ನಿಲ್ಲಸಿದ್ರ ಏನಾಕ್ಕೈತಿ ಅಂತ ಮಲ್ಯಾ ಬರದಿಲ್ಲ, ಅಂವಗ ಗೊತ್ತಿದ್ದಿಲ್ಲಲ್ರಿ,” ಎಂದ ಸುಭಾಸ. ದನಿ ಒಡೆದಿತ್ತು. “ಗೊತ್ತಿದ್ರ ಅಂತಿದ್ದನೋ ಇಲ್ಲೋ.”

“ಅಂತಿದ್ದ,” ಎಂದಳು ಗಂಗಾ. “ನಿನಗ ಅವನ ಗುರುತ ಇಲ್ಲೇನು? ಮತ್ತ ಜೋರ ಮಾಡಿ ಅಂತಿದ್ದ.”

ಹರಿಪ್ರಿಯಾ ಕಥೆ ಹೇಳಿದಳು. ಕೋಟೆಯ ಬಾಗಿಲು, ಎಂಟು ಜನ, ನಡುವೆ ನುಗ್ಗಿದ ಗೆಳೆಯ. ಕೆಂಚ ಅವನನ್ನು ಕಂಡ. ಮೊಳಕೈ ಒಳಗೆ ಮಡಿಚಿ, ಬಂದ ಅಲಗನ್ನು ತನ್ನ ಎಡತೊಡೆಯಲ್ಲಿ ತೆಗೆದುಕೊಂಡ. ಭರಮಪ್ಪನ ಮುಖದ ಮುಂದೆ ಪಟ್ಟಾ ನಿಂತಿತ್ತು.

“ಸತ್ತನೇನ್ರಿ?” ಎಂದು ಗಂಗಾ ಮೆಲ್ಲಗೆ ಕೇಳಿದಳು. “ನಂದ ಔಷಧ ಐತಿ. ನಾ ಮುಟ್ಟಲಾ?”

“ಮುಟ್ಟು.”

ಗಂಗಾ ದಾಳ ಎತ್ತಿಕೊಂಡಳು. ಹಾಕುವ ಮೊದಲು ಮುಷ್ಟಿಯನ್ನು ಹಣೆಗೆ ಒತ್ತಿಕೊಂಡಳು. ಹದಿನಾಲ್ಕು ಬಿತ್ತು.

“ಗಾಯ ಕಟ್ಟಿತು. ಕಾಲು ನೆಟ್ಟಗ ಆಗಲಿಲ್ಲ. ಕೆಂಚಾ ಪಟ್ಟಾ ಬಿಚ್ಚಿ ಭರಮಪ್ಪನ ಕೈಯಾಗ ಕೊಟ್ಟು, ಕುಂಟಕೋತ ತನ್ನೂರ ಹಾದಿ ಹಿಡದ. ಹೊಳಿ ದಾಟೂತನಕ ನಿಮಗ ಕಾಣತಾನ. ಆಮ್ಯಾಲ ಜೋಳದಾಗ ಮರೆ ಆದ.”

ಗಂಗಾ ಅಳುತ್ತಿದ್ದಳು. ಹರಿಪ್ರಿಯಾ ಕೆಂಚನ ಹಾಳೆಯನ್ನು ನೋಟುಬುಕ್ಕಿನ ಹನ್ನೆರಡನೆಯ ನಿಯಮದ ಪುಟದಲ್ಲಿ ಇಟ್ಟಳು, ಮಡಿಚಲಿಲ್ಲ. ಆಮೇಲೆ ಚೀಲದ ಒಳಜೇಬಿನಿಂದ ಇನ್ನೊಂದು ಹಾಳೆ ತೆಗೆದು, ನಾಲ್ಕು ತಿಂಗಳ ಮಡಿಕೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ನೆಟ್ಟಗೆ ಮಾಡಿದಳು. ಭರಮಪ್ಪನ ಹೆಸರಿನ ಮೇಲೆ ತಾನೇ ಎಳೆದಿದ್ದ ಗೆರೆಯನ್ನು ರಬ್ಬರಿನಿಂದ ಅಳಿಸಿ, ಮಾತಿಲ್ಲದೆ ಅದನ್ನು ಸುಭಾಸನ ಕಡೆ ಸರಿಸಿದಳು. ಅವನು ಎರಡೂ ಕೈಯಿಂದ ತೆಗೆದುಕೊಂಡ.